ವಾಸನೆ ಬಂದಾಗ ತೆಗೆ

ಸೆಪ್ಟೆಂಬರ್ 7, ಭಾನುವಾರ

ಅತ್ತಿಗೆ,

ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುತ್ತ ಎರಡು ಹಾಳೆ ಹರಿದು ಹಾಕಿದೆ. ನೀವೂ ಅಣ್ಣನೂ ಬೇರೆಯಾಗಿ ಮೂರು ವರ್ಷವಾಯಿತು. ಅಣ್ಣನ ಹೆಂಡತಿಯಾಗಿದ್ದವರನ್ನು ಆಮೇಲೆ ಏನೆಂದು ಕರೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಬೇರೆ ಯಾವುದೂ ಕೈಗೆ ಹೊಂದಲಿಲ್ಲ, ಹಳೆಯದನ್ನೇ ಬರೆದಿದ್ದೇನೆ. ಬೇಡವೆನ್ನಿಸಿದರೆ ಹೇಳಿಬಿಡಿ.

ಬರೆಯಲು ಕಾರಣ ಸೇಬು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಜುಲೈನಿಂದ ಬಾಡಿಗೆಗಿದ್ದೇನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗಳದಲ್ಲಿ ಒಂದು ಸೇಬಿನ ಮರ. ಮಹಡಿಯ ಮೇಲಿರುವ ಮನೆಯೊಡತಿ ಬೀಗದ ಕೈ ಕೊಡುವಾಗ ಒಂದೇ ಷರತ್ತು ಹಾಕಿದರು: "ಹಣ್ಣೆಲ್ಲ ನಿಮ್ದೇ. ಆದ್ರೆ ನೆಲದ ಮೇಲೆ ಕೊಳೀಬಾರದು. ಕೊಳೆತ್ರೆ ಕಣಜ ಬರುತ್ತೆ, ಕಣಜ ಬಂದ್ರೆ ನಾನು ಕೆಳಗೆ ಬರ್ತೀನಿ." ಆಗ ನಕ್ಕಿದ್ದೆ. ಈಗ ಎಲೆ ಹಳದಿಯಾಗುತ್ತಿದೆ, ದಿನ ಬೆಳಗಾದರೆ ಒಂದು ಬುಟ್ಟಿ ಬಿದ್ದಿರುತ್ತದೆ. ಹುಳಿ ಜಾತಿ, ಹಾಗೇ ತಿಂದರೆ ಹಲ್ಲು ಚಳಿಯುತ್ತದೆ. ನಿಮ್ಮ ಸೇಬಿನ ಕೇಕಿಗೆ ಇಂಥದ್ದೇ ಬೇಕು ಎಂದು ನೀವು ಸಂತೆಯೆಲ್ಲ ಸುತ್ತಿ ಹುಡುಕುತ್ತಿದ್ದದ್ದು ನೆನಪಾಯಿತು. ಅದನ್ನು ಮಾಡುವ ಬಗೆ ಬರೆದು ಕಳಿಸುತ್ತೀರಾ?

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದರೆ ನೀವು ಆಗಲೇ ಉತ್ತರ ಹೇಳಬೇಕು. ಪತ್ರವಾದರೆ ಹರಿದು ಹಾಕುವ ಅನುಕೂಲವಿದೆ.

ಇನ್ನೊಂದು ಮಾತು. ಅಣ್ಣ ಸಾಮಾನು ಸಾಗಿಸಿದ ದಿನ ನಾನು ಅವನ ಮೇಜುದೀಪವನ್ನು ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲೇ ಕೂತಿದ್ದೆ. ನೀವು ಒಳಗೆ ಕೇಕ್ ಬೇಯಿಸುತ್ತಿದ್ದಿರಿ, ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಅಮ್ಮ ಹೋದ ಮೇಲೆ ಒಂಬತ್ತು ವರ್ಷ ನನಗೆ ಅನ್ನ ಹಾಕಿದ ಮನೆ ಅದು. ಇಳಿದು ಒಳಗೆ ಬಂದು "ಹೋಗಿ ಬರ್ತೀನಿ" ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಒಬ್ಬರ ಪಕ್ಷ ಹಿಡಿದೆ ಎಂದಲ್ಲ, ಯಾರ ಪಕ್ಷವನ್ನೂ ಹಿಡಿಯದೆ ಜಾಣೆಯಾಗಲು ನೋಡಿದೆ. ಅದು ಇನ್ನೂ ಕೆಟ್ಟದ್ದು ಎಂದು ಆಮೇಲೆ ಅನ್ನಿಸಿತು.

ಹೆಸರು ಹಾಕುತ್ತಿಲ್ಲ. ಅಕ್ಷರ ನೋಡಿದರೆ ನಿಮಗೆ ಗೊತ್ತಾಗುತ್ತದೆ.


ಸೆಪ್ಟೆಂಬರ್ 13

ಜೀರಿಗೆ,

ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಡಾಕ್ಟರುಗಳ ಜೊತೆ ಕೆಲಸ ಮಾಡಿ ಇನ್ನಷ್ಟು ಕೆಟ್ಟಿದೆ.

ವ್ಯಾನಿನಲ್ಲಿ ನೀನು ಕೂತಿದ್ದನ್ನು ನೋಡಿದ್ದೆ. ದೀಪವನ್ನು ನೀನು ಸರಿಯಾಗಿ ಹಿಡಿದುಕೊಂಡಿದ್ದೆ. ಅದರ ಕತ್ತು ಸಡಿಲ, ನೆಟ್ಟಗೆ ಇಟ್ಟರೆ ಬೀಳುತ್ತಿತ್ತು.

ಈಗ ಕೇಕ್. ಸೇಬು ನಾಲ್ಕು, ಸಿಪ್ಪೆ ತೆಗೆದು ಎರಡನ್ನು ತುರಿ, ಎರಡನ್ನು ತೆಳ್ಳಗೆ ಹೆಚ್ಚು. ಮೈದಾ ಎರಡು ಲೋಟ, ಸಕ್ಕರೆ ಒಂದು ಲೋಟಕ್ಕೆ ಸ್ವಲ್ಪ ಕಮ್ಮಿ, ಬೆಣ್ಣೆ ಮುಕ್ಕಾಲು ಲೋಟ, ಮೊಟ್ಟೆ ಮೂರು, ಬೇಕಿಂಗ್ ಪೌಡರ್ ಎರಡು ಚಮಚ, ಉಪ್ಪು ಚಿಟಿಕೆ. ಚಕ್ಕೆಯನ್ನು ಪುಡಿ ತರಬೇಡ, ತುಂಡು ತಂದು ನೀನೇ ಕುಟ್ಟು. ಬೆಣ್ಣೆ ಸಕ್ಕರೆ ಸೇರಿಸಿ ಕೈ ಸೋಲುವವರೆಗೆ ತಿಕ್ಕು, ಸೋತ ಮೇಲೆ ಇನ್ನೈದು ನಿಮಿಷ ತಿಕ್ಕು. ಮೊಟ್ಟೆ ಒಂದೊಂದಾಗಿ. ತುರಿ ಹಿಟ್ಟಿನೊಳಗೆ, ಹೋಳು ಮೇಲೆ. ಓವನ್ ಮೊದಲೇ ಕಾದಿರಬೇಕು, ಕೇಕ್ ಇಟ್ಟ ಮೇಲೆ ಕಾಯಿಸುತ್ತ ಕೂರಬೇಡ.

ಎಷ್ಟು ಹೊತ್ತು ಎಂದು ಕೇಳಬೇಡ. ವಾಸನೆ ಬಂದಾಗ ತೆಗೆ. ನನ್ನ ಅಡುಗೆಮನೆಯಲ್ಲಿ ಗಡಿಯಾರವಿಲ್ಲ, ಅದು ನಿನಗೆ ಗೊತ್ತು. ಗಡಿಯಾರ ನೋಡುವವಳು ಕೇಕ್ ಮಾಡಲ್ಲ, ರೈಲು ಹಿಡೀತಾಳೆ.

ಮಾಡಿದ ಮೇಲೆ ಬರೆ. ಹೇಗಾಯಿತು ಎಂದಲ್ಲ. ಓವನ್ನಿನ ಮುಂದೆ ನಿಂತಾಗ ಏನೇನು ವಾಸನೆ ಬಂತು, ಯಾವುದು ಮೊದಲು, ಯಾವುದು ಆಮೇಲೆ, ಅದನ್ನು ಬರೆ. ಮರೆಯಬೇಡ.


ಸೆಪ್ಟೆಂಬರ್ 21, ಭಾನುವಾರ

ಅತ್ತಿಗೆ,

ಕರೆಯುವ ವಿಷಯಕ್ಕೆ ನೀವು ಏನೂ ಹೇಳಲಿಲ್ಲ. ಬೇಡ ಅನ್ನಲಿಲ್ಲವಲ್ಲ ಎಂದು ಹಾಗೆಯೇ ಮುಂದುವರಿಸಿದ್ದೇನೆ. ನೀವು "ಜೀರಿಗೆ" ಎಂದು ಬರೆದದ್ದನ್ನು ನಿಂತೇ ಓದಿದೆ. ಹದಿನಾರು ವರ್ಷದ ಕಡ್ಡಿಯಂಥ ಹುಡುಗಿಗೆ ಇಟ್ಟ ಹೆಸರು. ಈಗಿನ ನನ್ನನ್ನು ನೋಡಿದರೆ ಕುಂಬಳಕಾಯಿ ಅನ್ನುತ್ತಿದ್ದಿರಿ.

ಕೇಕ್ ಮಾಡಿದೆ. ನಡುವೆ ಕುಸಿಯಿತು, ತಳ ಹಿಡಿಯಿತು. ಮನೆಯೊಡತಿಗೆ ಒಂದು ತುಂಡು ಕೊಟ್ಟೆ. ಮೇಲಿನ ಸೇಬನ್ನಷ್ಟೇ ತಿಂದು, ಉಳಿದದ್ದರಿಂದ ಬಾಗಿಲಿಗೆ ಅಡ್ಡ ಕೊಡಬಹುದು ಎಂದರು. ಆಸ್ಪತ್ರೆಯಲ್ಲಿ ಪಕ್ಕದ ಕೋಣೆಯ ಮೂಗಿನ ಡಾಕ್ಟರು ಮಾತ್ರ ಎರಡು ತುಂಡು ತಿಂದರು. ಅವರು ಬೆಳಿಗ್ಗೆಯಿಂದ ಉಪವಾಸವಿದ್ದರು, ಅದನ್ನು ಲೆಕ್ಕಕ್ಕೆ ಹಿಡಿಯಲಾಗದು.

ನನ್ನ ಕೆಲಸ ಈಗಲೂ ಅದೇ, ಕಿವಿ ಪರೀಕ್ಷೆ. ಗಾಜಿನ ಕಿಟಕಿಯ ಆಚೆ ಸದ್ದು ನುಗ್ಗದ ಸಣ್ಣ ಕೋಣೆ, ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು, ಈಚೆ ನಾನು. ಸದ್ದು ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಇಡೀ ದಿನ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಬರೆದುಕೊಳ್ಳುವುದೇ ಕೆಲಸ.

ವಾಸನೆ ಕೇಳಿದ್ದಿರಿ. ಘಮ್ಮೆಂದಿತು. ಆಮೇಲೆ ಸೀದಿತು.

ಗ್ರಂಥಾಲಯದ ಕ್ಯಾಂಟೀನಿಗೆ ಈಗಲೂ ಮಂಗಳವಾರ, ಶುಕ್ರವಾರ ಕೊಡುತ್ತೀರಾ? ನಿಮ್ಮ ಕೇಕ್ ಬರುವ ದಿನ ಓದಲು ಬರುವವರ ಸಂಖ್ಯೆ ಹೆಚ್ಚುತ್ತದೆ ಎಂದು ಕ್ಯಾಂಟೀನಿನವರು ಹೇಳುತ್ತಿದ್ದರು. ಅವರಿಗೂ ನನ್ನ ನಮಸ್ಕಾರ ಹೇಳಿ.


ಸೆಪ್ಟೆಂಬರ್ 27

ಜೀರಿಗೆ,

ಘಮ್ಮೆಂದಿತು, ಆಮೇಲೆ ಸೀದಿತು. ಒಂಬತ್ತು ವರ್ಷ ನನ್ನ ಮನೆಯಲ್ಲಿ ಇದ್ದವಳು ಬರೆಯುವ ಮಾತೇ ಇದು? ಘಮ್ ಅಂದರೆ ಏನು? ಹೂವೂ ಘಮ್ ಅನ್ನುತ್ತದೆ, ಹೊಸ ಚಪ್ಪಲಿಯೂ ಅನ್ನುತ್ತದೆ.

ಹಸಿ ಹಿಟ್ಟಿನ ವಾಸನೆ ಎಷ್ಟು ಹೊತ್ತು ಇತ್ತು? ಅದು ಹೋಗಿ ಬೆಣ್ಣೆಯದು ಬಂತೋ, ಎರಡೂ ಕಲಸಿಕೊಂಡೇ ಬಂತೋ? ಸೇಬಿನದು ಯಾವಾಗ? ಸಿಪ್ಪೆ ತೆಗೆಯುವಾಗ ಬಂದ ವಾಸನೆಯೇ ಓವನ್ನಿನಲ್ಲೂ ಬಂತೇ, ಬೇರೆಯಾಗಿತ್ತೇ? ಚಕ್ಕೆ ಮೂಗಿಗೆ ಬಂತೋ, ಗಂಟಲಿಗೆ ಬಂತೋ? ಸೀಯುವ ಮೊದಲು ಒಂದು ವಾಸನೆ ಬರುತ್ತದೆ, ಸಕ್ಕರೆ ಕಂದುವಾಗಿನದು, ಅದನ್ನು ಹಿಡಿದೆಯಾ? ಅದು ಏನಿದ್ದ ಹಾಗಿತ್ತು? ಬೇರೆ ಕೋಣೆಗೆ ಹೋಗಿ ನಿಂತರೆ ಯಾವುದು ಅಲ್ಲಿವರೆಗೆ ಬಂತು, ಯಾವುದು ಬರಲಿಲ್ಲ?

ಇನ್ನೊಮ್ಮೆ ಮಾಡು. ಹಣ್ಣಿಗೇನು ಬರವಿಲ್ಲವಲ್ಲ. ತಳ ಹಿಡಿಯದಂತೆ ಮೇಲಿನ ತಟ್ಟೆಯಲ್ಲಿಡು. ನಡುವೆ ಕುಸಿದದ್ದು ಬಾಗಿಲು ತೆಗೆದು ತೆಗೆದು ನೋಡಿದ್ದಕ್ಕೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ.


ಅಕ್ಟೋಬರ್ 5, ಭಾನುವಾರ

ಅತ್ತಿಗೆ,

ನಿಮ್ಮ ಪ್ರಶ್ನೆಗಳನ್ನು ಓದಿ ಮೊದಲು ಸ್ವಲ್ಪ ಮುಖ ಸಣ್ಣದಾಯಿತು. ಪರೀಕ್ಷೆಗೆ ಕೂರಿಸಿದ್ದೀರಿ ಅನ್ನಿಸಿತು. ಮೂರು ವರ್ಷ ಬಾರದವಳಿಗೆ ಇಷ್ಟು ಶಿಕ್ಷೆ ಕಡಿಮೆಯೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಪೆನ್ನು, ಹಾಳೆ, ಕೈಗಡಿಯಾರ ಹಿಡಿದು ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಬಾಗಿಲು ತೆಗೆಯಲಿಲ್ಲ.

ಮೊದಲ ಐದು ನಿಮಿಷ ಏನೂ ಇಲ್ಲ, ಕಾದ ಕಬ್ಬಿಣ ಮಾತ್ರ. ಎಂಟಕ್ಕೆ ಹಸಿ ಹಿಟ್ಟು. ಹೊಸದಾಗಿ ಸುಣ್ಣ ಬಳಿದ ಗೋಡೆ ಇನ್ನೂ ಒದ್ದೆಯಿರುವಾಗ ಹತ್ತಿರ ಹೋದರೆ ಬರುತ್ತದಲ್ಲ, ಹಾಗೆ. ಹದಿನೈದರವರೆಗೂ ಅದೊಂದೇ ಇತ್ತು. ಬೆಣ್ಣೆ ಬಂದದ್ದು ಅದನ್ನು ತಳ್ಳಿಕೊಂಡಲ್ಲ, ಅದರ ಕೆಳಗಿನಿಂದ, ಬಾಗಿಲ ಸಂದಿಯಿಂದ ಬೆಳಕು ಬಂದ ಹಾಗೆ. ಇಪ್ಪತ್ತಕ್ಕೆ ಹಿಟ್ಟಿನದು ಪೂರ್ತಿ ಹೋಯಿತು. ಸೇಬು ಇಪ್ಪತ್ತಾರಕ್ಕೆ. ಸಿಪ್ಪೆ ತೆಗೆಯುವಾಗಿನದಲ್ಲ. ಅದು ತಣ್ಣಗೆ, ಚೂಪಾಗಿತ್ತು. ಇದು ಮರದ್ದು. ಮಳೆ ನಿಂತ ಮೇಲೆ ಹಿಂದಿನ ಅಂಗಳದ ಮರದ ಕಾಂಡಕ್ಕೆ ಮೂಗಿಟ್ಟು ನೋಡಿ ಬಂದೆ, ಖಾತ್ರಿ ಮಾಡಿಕೊಳ್ಳಲು. ಅದೇ. ಮನೆಯೊಡತಿ ಮೇಲಿನಿಂದ ನೋಡಿ ಏನೂ ಕೇಳದೆ ಕಿಟಕಿ ಹಾಕಿಕೊಂಡರು.

ಚಕ್ಕೆ ಮೂವತ್ತೆರಡಕ್ಕೆ, ಗಂಟಲಿಗೆ. ಮಲಗುವ ಕೋಣೆಗೆ ಹೋಗಿ ನಿಂತರೆ ಅದೊಂದೇ ಅಲ್ಲಿವರೆಗೆ ಬಂತು. ಮೂವತ್ತೊಂಬತ್ತಕ್ಕೆ ನೀವು ಹೇಳಿದ ಸಕ್ಕರೆಯ ವಾಸನೆ. ಇದಕ್ಕೆ ಏನು ಹೋಲಿಕೆ ಕೊಡಲಿ ಎಂದು ಒದ್ದಾಡಿದೆ. ಶಾಲೆಯಿಂದ ಬಂದು ನಿಮ್ಮ ಮನೆಯ ಬಾಗಿಲು ತಳ್ಳಿದಾಗ, ಚೀಲ ಇಳಿಸುವ ಮೊದಲು ಬರುತ್ತಿದ್ದದ್ದು. ಅಷ್ಟೇ ಹೇಳಬಲ್ಲೆ. ನಲವತ್ತಕ್ಕೆ ತೆಗೆದೆ.

ಕುಸಿಯಲಿಲ್ಲ, ಸೀಯಲಿಲ್ಲ. ಮನೆಯೊಡತಿ ಎರಡು ಹಳೆಯ ತಗಡಿನ ಡಬ್ಬ ಕೊಟ್ಟರು. ಕೇಕನ್ನು ಎರಡು ಭಾಗ ಮಾಡಿ ಒಂದನ್ನು ನಿಮಗೆ ನಾಳೆ ಅಂಚೆಗೆ ಹಾಕುತ್ತೇನೆ, ಇನ್ನೊಂದು ಬುಧವಾರ ಆಸ್ಪತ್ರೆಗೆ. ತಿಂದು ನಿಜ ಹೇಳಿ. ಇದಕ್ಕಿಂತ ಹೆಚ್ಚು ನನ್ನಿಂದಾಗದು.


ಅಕ್ಟೋಬರ್ 9

ಅತ್ತಿಗೆ,

ಇದು ಅವಸರದ ಪತ್ರ. ಡಬ್ಬ ಬಂದಿದ್ದರೆ ಕೇಕ್ ತಿನ್ನಬೇಡಿ. ನಿನ್ನೆ ಆಸ್ಪತ್ರೆಯಲ್ಲಿ ಇನ್ನೊಂದು ಡಬ್ಬದ ಮುಚ್ಚಳ ತೆಗೆದೆ. ಇಡೀ ಕೋಣೆ ಅಗಸನ ಮನೆಯಾಯಿತು. ಮನೆಯೊಡತಿ ಆ ಎರಡೂ ಡಬ್ಬಗಳಲ್ಲಿ ಹತ್ತು ವರ್ಷ ಬಟ್ಟೆಸೋಪು ಇಡುತ್ತಿದ್ದರಂತೆ. ತೊಳೆದು ಕೊಟ್ಟಿದ್ದೇನಲ್ಲ ಅನ್ನುತ್ತಾರೆ. ಮುಚ್ಚಿಟ್ಟ ಬಿಸಿ ಕೇಕು ಇದ್ದಬದ್ದ ಸೋಪಿನ ವಾಸನೆಯನ್ನೆಲ್ಲ ಹೀರಿಕೊಂಡಿದೆ. ಹೆಡ್ ನರ್ಸ್ ಒಂದು ತುತ್ತು ತಿಂದು, "ಮೇಡಂ, ತಿಂಡಿ ತಿಂದ ಹಾಗೂ ಆಯ್ತು, ಬಾಯಿ ತೊಳೆದ ಹಾಗೂ ಆಯ್ತು" ಎಂದರು. ಮೂಗಿನ ಡಾಕ್ಟರೂ ಮುಟ್ಟಲಿಲ್ಲ.

ನಿಮ್ಮ ಹಳೆಯ ಫೋನ್ ನಂಬರಿಗೆ ಮಾಡಿದೆ, ಬೇರೆ ಯಾರೋ ಎತ್ತಿದರು. ಅದಕ್ಕೇ ಈ ಪತ್ರ. ನಿಮ್ಮ ಮುಖ ನೆನಪಿಸಿಕೊಂಡರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಇನ್ನೊಂದು ಮಾಡಿ ಕಳಿಸುತ್ತೇನೆ, ಈ ಸಲ ರಟ್ಟಿನ ಪೆಟ್ಟಿಗೆಯಲ್ಲಿ.


ಅಕ್ಟೋಬರ್ 12

ಜೀರಿಗೆ,

ನಿನ್ನ ಡಬ್ಬ ಶುಕ್ರವಾರ ಬಂತು. ಮುಚ್ಚಳ ತೆಗೆದ ತಕ್ಷಣ ಮನೆಯೆಲ್ಲ ಘಮಘಮ. ಚಕ್ಕೆ ಹದವಾಗಿದೆ, ಎಲ್ಲಿಯೂ ಮುಂದಾಗಿಲ್ಲ. ಸೇಬಿನ ವಾಸನೆ ಬೆಣ್ಣೆಯ ಜೊತೆ ಎಷ್ಟು ಚೆನ್ನಾಗಿ ಕೂತಿದೆ ಎಂದರೆ, ನಾನೇ ಮಾಡಿದ್ದರೂ ಇಷ್ಟೇ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಕೇಕ್ ಎಷ್ಟು ಚೆನ್ನಾಗಿದೆಯೋ ಅದಕ್ಕಿಂತ ಪತ್ರ ಚೆನ್ನಾಗಿದೆ.

ಕಲಿತುಬಿಟ್ಟೆ, ಬಿಡು. ಇನ್ನು ನನ್ನಿಂದ ಹೇಳಿಸಿಕೊಳ್ಳುವುದು ಏನೂ ಇಲ್ಲ.


ಅಕ್ಟೋಬರ್ 18

ನಿಮ್ಮ ಹನ್ನೆರಡನೇ ತಾರೀಖಿನ ಪತ್ರ ತಲುಪಿತು. ಅಷ್ಟರಲ್ಲಿ ನನ್ನ ಒಂಬತ್ತನೇ ತಾರೀಖಿನದು ನಿಮಗೆ ತಲುಪಿರಬೇಕು. ಎರಡೂ ದಾರಿಯಲ್ಲಿ ಒಂದನ್ನೊಂದು ಹಾದುಹೋಗಿವೆ.

ನೀವು ಆ ಡಬ್ಬದ ಮುಚ್ಚಳ ತೆಗೆದಿಲ್ಲ. ತೆಗೆದವರು ಯಾರೂ ಹಾಗೆ ಬರೆಯಲಾರರು. ನಾನು ಚಿಕ್ಕವಳಿದ್ದಾಗ ಮಾಡಿದ ಅಡುಗೆಯನ್ನು ಉಪ್ಪಿಲ್ಲ, ಬೆಂದಿಲ್ಲ ಎಂದು ಮುಖಕ್ಕೆ ಹೇಳುತ್ತಿದ್ದವರು ನೀವು. ಒಮ್ಮೆಯೂ ಸುಳ್ಳು ಹೊಗಳಿದವರಲ್ಲ. ಆಗ ನಾನು ಮನೆಯವಳಾಗಿದ್ದೆ. ಈಗ ಹೊರಗಿನವರಿಗೆ ಹೇಳುವ ಹಾಗೆ ಚೆನ್ನಾಗಿದೆ ಎಂದು ಹೇಳಿ, ಇನ್ನು ಹೇಳುವುದು ಏನೂ ಇಲ್ಲ ಎಂದು ಕಳಿಸಿಕೊಟ್ಟಿದ್ದೀರಿ. ಏನೆಂದು ಕರೆಯಲಿ ಎಂಬ ನನ್ನ ಪ್ರಶ್ನೆಗೆ ಇದೇ ಉತ್ತರ ಎಂದುಕೊಳ್ಳುತ್ತೇನೆ.

ಇದರಲ್ಲಿ ದೂರುವಂಥದ್ದು ಏನೂ ಇಲ್ಲ. ವ್ಯಾನಿನಿಂದ ಇಳಿಯದವಳು ನಾನು. ಉಳಿದ ಹಣ್ಣನ್ನು ಆಸ್ಪತ್ರೆಯ ಅಡುಗೆಮನೆಗೆ ಕೊಡುತ್ತಿದ್ದೇನೆ.


ನವೆಂಬರ್ 2, ಭಾನುವಾರ

ಅತ್ತಿಗೆ,

ಎರಡು ವಾರ ನೀವು ಬರೆಯಲಿಲ್ಲ. ನಾನೂ ಬರೆಯಬಾರದು ಎಂದಿದ್ದೆ. ಮೊನ್ನೆ ಶುಕ್ರವಾರದವರೆಗೆ.

ಶುಕ್ರವಾರ ಒಬ್ಬ ಟೈಲರ್ ಬಂದಿದ್ದರು, ಎಪ್ಪತ್ತರ ಹತ್ತಿರದವರು, ಹೆಂಡತಿಯ ಬಲವಂತಕ್ಕೆ. ಬಾಗಿಲಲ್ಲಿ ಕಾಲಿಟ್ಟಾಗಿನಿಂದ ಪ್ರಶ್ನೆ. ಈ ಕೋಟು ಎಲ್ಲಿ ಹೊಲಿಸಿದ್ದು, ತೋಳು ಯಾಕೆ ಉದ್ದ, ಗುಂಡಿ ಯಾರು ಹಾಕಿದ್ದು, ಈ ಕೋಣೆಯ ಗೋಡೆಗೆ ಯಾವ ಬಟ್ಟೆ ಹೊದಿಸಿದ್ದಾರೆ. ಒಂದಕ್ಕೆ ಉತ್ತರ ಮುಗಿಯುವ ಮೊದಲೇ ಇನ್ನೊಂದು. ಎಷ್ಟು ಚುರುಕಾದ ಮನುಷ್ಯ ಎಂದುಕೊಂಡೆ. ಹೆಡ್‌ಫೋನ್ ಹಾಕಿ ಕೂರಿಸಿದೆ. ಗುಂಡಿಯನ್ನು ಸರಿಯಾಗಿ ಒತ್ತುತ್ತಿದ್ದರು, ಎಲ್ಲ ಸದ್ದಿಗೂ. ನಡುವೆ ಒಮ್ಮೆ ನನ್ನ ಪೆನ್ನು ಬಿತ್ತು, ಎತ್ತಲು ಕೈ ಚಾಚಿದೆ. ಅವರು ಗುಂಡಿ ಒತ್ತಿದರು. ನಾನು ಸದ್ದು ಕಳಿಸಿರಲೇ ಇಲ್ಲ. ಗಾಜಿನಲ್ಲಿ ನನ್ನ ಕೈ ನೋಡಿಕೊಂಡು ಒತ್ತುತ್ತಿದ್ದರು, ಅತ್ತಿಗೆ. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹೊಸಬರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಇದು: ಕೇಳಿಸದವರು ಸುಮ್ಮನೆ ಕೂರುವುದಿಲ್ಲ. ತಾವೇ ಪ್ರಶ್ನೆ ಕೇಳುತ್ತಾರೆ, ಕೇಳುತ್ತಲೇ ಇರುವವರನ್ನು ಯಾರೂ ಏನೂ ಕೇಳುವುದಿಲ್ಲ. ಮತ್ತೆ, ಎದುರಿನವರಿಗೆ ಯಾವ ಉತ್ತರ ಬೇಕೋ ಅದನ್ನು ಊಹಿಸಿ ಕೊಡುತ್ತಾರೆ.

ಅವರನ್ನು ಕಳಿಸಿ ಮನೆಗೆ ಬಂದೆ. ನಿಮ್ಮ ಪತ್ರಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕೇಳಿದ ಪ್ರಶ್ನೆಯೆಲ್ಲ ವಾಸನೆಯದು. ಕ್ಯಾಂಟೀನಿನ ಮಾತು ಎಲ್ಲಿಯೂ ಇಲ್ಲ. ಕೊನೆಯ ಪತ್ರದಲ್ಲಿ ಕೇಕಿನ ಬಗ್ಗೆ ಬರೆದದ್ದೆಲ್ಲ ನಾನೇ ನಿಮಗೆ ಬರೆದದ್ದು, ಚಕ್ಕೆ, ಸೇಬು, ಬೆಣ್ಣೆ. ನನ್ನ ಕೈ ನೋಡಿಕೊಂಡು ಒತ್ತಿದ ಗುಂಡಿ.

ನೀವು ಮುಚ್ಚಳ ತೆಗೆದಿದ್ದಿರಿ. ತಿಂದೂ ಇದ್ದಿರಿ. ನಾನು ಬರೆದ ಆ ಕೆಟ್ಟ ಪತ್ರವನ್ನು ವಾಪಸ್ ತೆಗೆದುಕೊಳ್ಳುವ ದಾರಿಯಿಲ್ಲ.

ಟೈಲರಿಗೆ ಕೇಳಿದ್ದನ್ನೇ ನಿಮಗೂ ಕೇಳುತ್ತೇನೆ, ಬೇರೆ ಹೇಗೆ ಕೇಳಬೇಕೋ ನನಗೆ ಬರುವುದಿಲ್ಲ. ಎಷ್ಟು ದಿನದಿಂದ ವಾಸನೆ ಬರ್ತಿಲ್ಲ, ಅತ್ತಿಗೆ?


ನವೆಂಬರ್ 9

ಜೀರಿಗೆ,

ಹನ್ನೊಂದು ತಿಂಗಳಿಂದ.

ಕಳೆದ ಚಳಿಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನೆಗಡಿ ಇಳಿದ ಮೇಲೆ ಬರುತ್ತದೆ ಎಂದು ಕಾದೆ. ಒಂದು ಮಂಗಳವಾರ ಓವನ್ನಿನ ಮುಂದೆ ನಿಂತು ವಾಸನೆ ಬರಲಿ, ತೆಗೆಯುತ್ತೇನೆ ಎಂದು ಕಾಯುತ್ತಿದ್ದೆ. ಹೊಗೆ ಬಂತು. ಶುಕ್ರವಾರ ಹೆದರಿ ಬೇಗ ತೆಗೆದೆ, ನಡುವೆ ಹಸಿ. ಕ್ಯಾಂಟೀನಿನವರು ಒಳ್ಳೆಯವರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನಲಿಲ್ಲ ಎಂಬುದೇ ನನಗೆ ಹೆಚ್ಚಾಯಿತು. ಕೈನೋವು ಎಂದು ಸುಳ್ಳು ಹೇಳಿ ನಿಲ್ಲಿಸಿದೆ. ಆಮೇಲೆ ಓವನ್ ಹಚ್ಚಿಲ್ಲ. ಅದರೊಳಗೆ ಈಗ ಪಾತ್ರೆ ಇಟ್ಟಿದ್ದೇನೆ.

ಯಾರಿಗೂ ಹೇಳಲಿಲ್ಲ. ನಿನ್ನ ಅಣ್ಣ ಹೋದಾಗ ಜನ ಬಂದು ಅಯ್ಯೋ ಅಂದರು. ಅದನ್ನು ತಡೆದುಕೊಂಡೆ, ಯಾಕೆಂದರೆ ಮಾರನೇ ಬೆಳಿಗ್ಗೆ ಎದ್ದು ಮಾಡಲು ಕೆಲಸವಿತ್ತು. ಇದಕ್ಕೂ ಅಯ್ಯೋ ಅನ್ನಿಸಿಕೊಂಡರೆ ಮಾರನೇ ಬೆಳಿಗ್ಗೆ ಎದ್ದು ಏನು ಮಾಡಲಿ?

ಆಗ ನಿನ್ನ ಪತ್ರ ಬಂತು. ನಿನ್ನನ್ನು ಪರೀಕ್ಷೆ ಮಾಡಲಿಲ್ಲ, ಕಣೇ. ಬೇಡುತ್ತಿದ್ದೆ. ನೀನು ಸುಣ್ಣದ ಗೋಡೆ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೆ. ಬಂದ ಹಾಗಾಯಿತು. ಬರಲಿಲ್ಲ, ಬಂದ ಹಾಗಾಯಿತು. ಅಷ್ಟಕ್ಕೇ ಮೂರು ಸಲ ಓದಿದೆ.

ಕೇಕನ್ನು ನಾಲ್ಕು ದಿನ ಇಟ್ಟುಕೊಂಡು ತಿಂದು ಮುಗಿಸಿದೆ. ಮೆತ್ತಗಿತ್ತು, ಸಿಹಿಯಿತ್ತು, ಕೊನೆಯಲ್ಲಿ ಒಂಚೂರು ಕಹಿ. ಸೇಬಿನ ಬೀಜ ಸೇರಿರಬೇಕು ಎಂದುಕೊಂಡೆ. ನಿನ್ನ ಅವಸರದ ಪತ್ರ ಬಂದಾಗ ಕೊನೆಯ ತುಂಡು ಬಾಯಲ್ಲಿತ್ತು. ಈ ರಸ್ತೆಯಲ್ಲಿ ನನ್ನಷ್ಟು ಸ್ವಚ್ಛ ಹೊಟ್ಟೆ ಇನ್ನೊಬ್ಬರದ್ದಿಲ್ಲ. ನಗು ಬಂತು. ಆಮೇಲೆ, ಸಿಕ್ಕಿಬಿದ್ದೆ ಎಂದು ತಿಳಿಯಿತು. ನೀನು ನಿನ್ನನ್ನೇ ಹೊರಗಿನವಳು ಎಂದುಕೊಂಡು ಬರೆದ ಪತ್ರ ಬಂದ ದಿನವೇ ನಾನು ಬರೆಯಬೇಕಿತ್ತು. ಪೆನ್ನು ಹಿಡಿದರೆ ಮೂಗಿನ ಸುದ್ದಿ ಬರೆಯದೆ ಬೇರೇನೂ ಬರೆಯಲಾಗುತ್ತಿರಲಿಲ್ಲ. ಅದಕ್ಕೆ ಹಿಡಿಯಲಿಲ್ಲ.

ಕರೆಯುವ ವಿಷಯ. ಅತ್ತಿಗೆ ಎಂಬುದನ್ನು ನಿನ್ನ ಅಣ್ಣ ನನಗೆ ಕೊಟ್ಟದ್ದಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಚೀಲ ಹಿಡಿದು ನಿಂತು ಕರೆದದ್ದು. ಅವನು ಅದನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಲು ಹೇಗಾಗುತ್ತದೆ?


ನವೆಂಬರ್ 16, ಭಾನುವಾರ

ಅತ್ತಿಗೆ,

ನಿಮ್ಮ ಪತ್ರವನ್ನು ಹಿಂದಿನ ಅಂಗಳದಲ್ಲಿ ಮರದ ಕೆಳಗೆ ನಿಂತು ಓದಿದೆ. ಮನೆಯೊಡತಿ ಮೇಲಿನಿಂದ, "ಯಾಕೆ, ಕಣಜ ಕಚ್ತಾ?" ಎಂದು ಕೇಳಿದರು. ಹೂಂ ಎಂದೆ. ಕಣ್ಣೊರೆಸಿಕೊಂಡು ಒಳಗೆ ಬಂದೆ.

ಮೂಗಿನ ಡಾಕ್ಟರನ್ನು ಕೇಳಿದೆ. ಬರಬಹುದು, ಬರದೆಯೂ ಇರಬಹುದು ಎಂದರು. ಸುಳ್ಳು ಭರವಸೆ ಕೊಡದ ಮನುಷ್ಯ. ದಿನಕ್ಕೆ ಎರಡು ಸಲ ಲವಂಗ, ನಿಂಬೆಸಿಪ್ಪೆ ಹೀಗೆ ನಾಲ್ಕು ವಸ್ತುಗಳನ್ನು ಮೂಗಿನ ಹತ್ತಿರ ಹಿಡಿದು, ಅದರ ವಾಸನೆ ನೆನಪಿಸಿಕೊಳ್ಳುತ್ತ ಮೂಸಬೇಕಂತೆ, ತಿಂಗಳುಗಟ್ಟಲೆ. ಒಮ್ಮೆ ಬಂದು ತೋರಿಸಿ ಎಂದಿದ್ದಾರೆ. ಮಲಗಲು ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ.

ಅಲ್ಲಿಯವರೆಗೆ ನನಗೆ ಹೊಳೆದದ್ದು ಇದು. ನೀವು ವಾಸನೆ ಬಂದಾಗ ತೆಗೆಯುತ್ತಿದ್ದಿರಿ. ಆ ವಾಸನೆ ಯಾವ ನಿಮಿಷಕ್ಕೆ ಬರುತ್ತದೆ ಎಂದು ನಾನು ಬರೆದಿದ್ದೇನೆ. ಅಕ್ಟೋಬರ್ ಐದರ ಪತ್ರ ನಿಮ್ಮಲ್ಲೇ ಇದೆ. ಹೀಗೆ ಹೇಳುವುದು ನಿಮಗೆ ಅವಮಾನವೋ ಏನೋ ಎಂದು ಎರಡು ದಿನ ಯೋಚಿಸಿದೆ. ಕಿವಿ ಹೋದವರಿಗೆ ಯಂತ್ರ ಕೊಡುವಾಗ ನನಗೆ ಈ ಸಂಕೋಚ ಬರುವುದಿಲ್ಲ, ನಿಮ್ಮ ವಿಷಯದಲ್ಲಿ ಬರುತ್ತದೆ.

ಜೊತೆಗೆ ಪಾರ್ಸೆಲ್ ಇದೆ. ಮರದ ಕೊನೆಯ ಹನ್ನೆರಡು ಸೇಬು, ಇನ್ನು ಕೊಂಬೆ ಬರಿದು. ಹಾಳೆಯಲ್ಲಿ ಸುತ್ತಿದ ದುಂಡಗಿನ ವಸ್ತು ಗಡಿಯಾರ. ಬಿಸಾಡಬೇಡಿ. ರೈಲು ಹಿಡಿಯಲು ಅಲ್ಲ.


ನವೆಂಬರ್ 24

ಜೀರಿಗೆ,

ನಿನ್ನ ಗಡಿಯಾರವನ್ನು ಮೂರು ದಿನ ಮುಖ ಕೆಳಗೆ ಮಾಡಿ ಇಟ್ಟಿದ್ದೆ. ಅದರ ಟಕಟಕ ಕೇಳಿದರೆ ನನ್ನ ಅಡುಗೆಮನೆಯಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದ ಹಾಗಾಗುತ್ತಿತ್ತು. ನಿನ್ನೆ ಓವನ್ನಿನಿಂದ ಪಾತ್ರೆಗಳನ್ನೆಲ್ಲ ಇಳಿಸಿದೆ. ಗಡಿಯಾರಕ್ಕೆ ಮೊಳೆ ಹೊಡೆದೆ. ಅದರ ಕೆಳಗೆ ನಿನ್ನ ಪತ್ರವನ್ನು ಅಂಟಿಸಿದೆ.

ಎಂಟನೇ ನಿಮಿಷಕ್ಕೆ ಸುಣ್ಣದ ಗೋಡೆ ಎಂದು ಗಟ್ಟಿಯಾಗಿ ಓದಿದೆ. ಹದಿನೈದಕ್ಕೆ ಬಾಗಿಲ ಸಂದಿ. ಇಪ್ಪತ್ತಾರಕ್ಕೆ ಮರ. ಮೂವತ್ತೊಂಬತ್ತಕ್ಕೆ ಶಾಲೆಯಿಂದ ನೀನು ಬಂದೆ, ಚೀಲ ಇಳಿಸಲಿಲ್ಲ. ನಲವತ್ತಕ್ಕೆ ತೆಗೆದೆ. ಬಣ್ಣ ಚೆನ್ನಾಗಿದೆ, ಒತ್ತಿದರೆ ಮೇಲೇಳುತ್ತದೆ. ಉಳಿದದ್ದು ನನಗೆ ಗೊತ್ತಾಗುವುದಿಲ್ಲ.

ಕ್ಯಾಂಟೀನಿನವರಿಗೆ ಹೋಗಿ ಕೈನೋವಲ್ಲ, ಮೂಗು ಎಂದು ಹೇಳಿದೆ. ಅಯ್ಯೋ ಅನ್ನುತ್ತಾರೆ ಎಂದು ಕಾದೆ. ಅವರು, "ಅಮ್ಮಾ, ಮಂಗಳವಾರದ ತಟ್ಟೆ ಇನ್ನೂ ಹಾಗೇ ಇಟ್ಟಿದೀನಿ, ಯಾವಾಗಿಂದ ತರ್ತೀರಾ ಅದು ಹೇಳಿ" ಎಂದರು. ತಿಂಗಳೊಪ್ಪತ್ತು ಇರಿ ಎಂದಿದ್ದೇನೆ. ಮೊದಲು ನಿನ್ನ ತೀರ್ಪು ಬರಬೇಕು.

ಅರ್ಧ ಕೇಕ್ ಕಳಿಸುತ್ತಿದ್ದೇನೆ. ಫೋನ್ ನಂಬರ್ ಕೇಳಬೇಡ. ಫೋನಿನಲ್ಲಾದರೆ ನೀನು ಚೆನ್ನಾಗಿದೆ ಎಂದು ಒಂದು ಮಾತಿನಲ್ಲಿ ಮುಗಿಸುತ್ತೀಯ. ಕೂತು, ಮೂಸಿ, ಬರೆ. ಡಬ್ಬ ಪಕ್ಕದ ಮನೆಯವರು ಕೊಟ್ಟದ್ದು. ಅದರಲ್ಲಿ ಮೊದಲು ಏನಿತ್ತೋ, ಅದನ್ನೂ ನೀನೇ ಮೂಸಿ ಹೇಳು.

ನನ್ನ ಹಾಗೆ ಹೊಗಳಬೇಡ.


ನವೆಂಬರ್ 30, ಭಾನುವಾರ

ಅತ್ತಿಗೆ,

ಡಬ್ಬ ನಿನ್ನೆ ಬಂತು. ಬೆಳಗಿನ ಬೆಳಕಿನಲ್ಲಿ ತೆಗೆಯೋಣವೆಂದು ಇವತ್ತಿನವರೆಗೆ ಕಾದೆ. ಅಡುಗೆಮನೆಯ ಕಿಟಕಿ ಹಾಕಿ ಮುಚ್ಚಳ ತೆಗೆದೆ.

ಮೊದಲು ಚಕ್ಕೆ, ಗಂಟಲಿಗೆ. ಅದರ ಹಿಂದೆ ಸೇಬು, ನಮ್ಮ ಮರದ್ದೇ, ಗುರುತು ಸಿಕ್ಕಿತು. ಬೆಣ್ಣೆಗೆ ಹತ್ತಿರ ಹೋಗಿ ಬಗ್ಗಬೇಕಾಯಿತು. ಡಬ್ಬದಲ್ಲಿ ಮೊದಲು ಚಹಾಪುಡಿ ಇತ್ತು, ಅದು ಕೇಕಿಗೆ ಒಪ್ಪಿದೆ. ಸೋಪಿಲ್ಲ.

ತುಂಡು ಮಾಡಿ ತಿರುಗಿಸಿ ಮೂಸಿದೆ. ತಳ ಒಂಚೂರು ಸೀದಿದೆ, ಅತ್ತಿಗೆ. ನಿಮ್ಮ ಓವನ್ ನನ್ನದಕ್ಕಿಂತ ಬಿಸಿ. ಮೂವತ್ತೆಂಟಕ್ಕೆ ತೆಗೆಯಿರಿ.